ಅರ್ಧ ಕೇಜಿ ಲಾವಂಚ

ಮೊಮ್ಮಗಳು ನಮ್ಮ ಮನೆಗೆ ಬಂದ ದಿನದಿಂದ ನಾನು ಕೂತಲ್ಲಿ ಕೂತದ್ದಿಲ್ಲ. ಕೂತರೆ ಏಳಬೇಕು, ಎದ್ದರೆ ತೊಟ್ಟಿಲ ಹತ್ತಿರ ಹೋಗಬೇಕು, ಹೋದರೆ ಬಗ್ಗಿ ನೋಡಬೇಕು. ನೋಡಿದ್ದನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬಿದ ಹಾಗೆ ಆಗುತ್ತದೆ. ಅವಳ ಎಡಕೆನ್ನೆಯಲ್ಲಿ ಮಾತ್ರ ಒಂದು ಕುಳಿ ಬೀಳುತ್ತದೆ, ಬಲಕ್ಕೆ ಇಲ್ಲ. ಇದನ್ನು ನಾನು ಮೀನು ತರುವವಳಿಗೆ ಹೇಳಿದ್ದೇನೆ, ಕರೆಂಟ್ ಬಿಲ್ಲು ಕೊಡಲು ಬಂದವನಿಗೆ ಹೇಳಿದ್ದೇನೆ. ಅವನು ಯಂತ್ರದಿಂದ ಚೀಟಿ ಹರಿದು ಕೊಟ್ಟು, "ಹೌದಾ ಅಮ್ಮ" ಅಂದು ಬೇಗ ಬೇಗ ಹೋದ.

ನಮ್ಮ ಮನೆ ಬೋಳಾರದಲ್ಲಿ, ಬಸ್ಸು ಹೋಗುವ ರಸ್ತೆಗೆ ತಾಗಿ. ಮನೆಯಲ್ಲಿ ನಾನು, ಮಗ, ಸೊಸೆ. ಯಜಮಾನರು ಹೋಗಿ ಹನ್ನೊಂದು ವರ್ಷವಾಯಿತು. ಮಗ ಸಿಟಿ ಬಸ್ಸಿನ ಡ್ರೈವರ್. ಸೊಸೆ ಪಂಪ್‌ವೆಲ್ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ತಾಯಿಮನೆ ಕಾಟಿಪಳ್ಳ. ಬಾಣಂತನ ಅಲ್ಲಿಯೇ ಆದದ್ದು, ನಮ್ಮಲ್ಲಿ ಹಾಗೆಯೇ ಕ್ರಮ. ಮೂರು ತಿಂಗಳು ನಾನು ಮಗುವನ್ನು ಬರೀ ನಾಲ್ಕು ಸಲ ನೋಡಿದ್ದು. ನಾಲ್ಕು ಸಲವೂ ನೆಂಟರ ಹಾಗೆ ಹೋಗಿ, ಚಾ ಕುಡಿದು, ಮಗುವನ್ನು ಹಿಂದೆ ಕೊಟ್ಟು ಬಂದದ್ದು. ಕೊಡುವಾಗ ಕೈ ಹಿಂದೆ ಬರುತ್ತಿರಲಿಲ್ಲ.

ಆ ಕೈಯ ವಿಷಯವನ್ನೂ ಹೇಳಬೇಕು. ನಾಲ್ಕನೇ ಕ್ಲಾಸು ಮುಗಿದ ಮೇಲೆ ನನ್ನ ಮಡಿಲಿಗೆ ಬಂದದ್ದು ಬೀಡಿಯ ಎಲೆ, ಹುಡಿ ಇಡುವ ಮೊರ, ನಮ್ಮ ತಡ್ಪೆ. ಅಂದಿನಿಂದ ಕಟ್ಟಿದ್ದೇ ಕಟ್ಟಿದ್ದು. ಮಗು ಈ ಮನೆಗೆ ಬರುವ ಹಿಂದಿನ ದಿನ ಸೊಸೆ ಫೋನಿನಲ್ಲಿ, "ಮಾಮಿ, ಹೊಗೆಸೊಪ್ಪಿನ ಹುಡಿ ಬಾಲೆಗೆ ಒಳ್ಳೆಯದಲ್ಲ" ಅಂದಳು. ಅಷ್ಟೇ ಅಂದದ್ದು, ನಿಲ್ಲಿಸಿ ಅಂತ ಹೇಳಲಿಲ್ಲ. ಅದೇ ಸಂಜೆ ನಾನು ತಡ್ಪೆಯನ್ನು ಉಜ್ಜಿ ತೊಳೆದು ಅಟ್ಟಕ್ಕೆ ಹಾಕಿ, ಉಳಿದ ಎಲೆಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಹಿಂದೆ ಕೊಟ್ಟು ಬಂದೆ. ಬೇಸರವಾಯಿತೇ ಎಂದು ಎಲ್ಲರೂ ಕೇಳಿದರು. ಎಂತ ಬೇಸರ! ಮೊಮ್ಮಗಳು ಬರುವಾಗ ಬೀಡಿ ಯಾರಿಗೆ ಬೇಕು? ಆದರೆ ಬೆರಳುಗಳಿಗೆ ಯಾರು ಹೇಳುವುದು? ಸೀರೆಯ ಸೆರಗನ್ನು ಸುರುಳಿ ಸುತ್ತುತ್ತವೆ, ಕ್ಯಾಲೆಂಡರಿನ ಹಾಳೆಯನ್ನು ಸುತ್ತುತ್ತವೆ, ಊಟಕ್ಕೆ ಕೂತರೆ ಬಾಳೆಲೆಯ ತುದಿಯನ್ನೂ ಬಿಡುವುದಿಲ್ಲ.

ರಜೆ ಮುಗಿದು ಸೊಸೆ ಕೆಲಸಕ್ಕೆ ಹೋಗಲು ಶುರುಮಾಡಿದಾಗ ಅವಳಿಗೆ ರಾತ್ರಿ ಪಾಳಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಮನೆಗೆ ಬಂದು, ಮಿಂದು, ಮಗುವಿಗೆ ಹಾಲು ಕೊಟ್ಟು ಹತ್ತು ಗಂಟೆಗೆ ಮಲಗುವುದು. ಮೂರು ಗಂಟೆಯ ತನಕವಾದರೂ ನಿದ್ರೆ ಆಗಬೇಕು. ಆಗುತ್ತಿರಲಿಲ್ಲ. ಅರ್ಧ ಗಂಟೆಗೆ ಎಚ್ಚರ, ಮತ್ತೆ ಹತ್ತು ನಿಮಿಷ ಮಂಪರು, ಮತ್ತೆ ಎಚ್ಚರ. ಹನ್ನೆರಡಕ್ಕೆ ಎದ್ದು ಹೊರಗೆ ಬಂದು, ಮುಖ ಊದಿಸಿಕೊಂಡು ಗಂಜಿಯ ಎದುರು ಕೂರುತ್ತಿದ್ದಳು. ರಸ್ತೆಯಲ್ಲಿ ಬಸ್ಸು, ಬದಿಯ ಮನೆಯಲ್ಲಿ ತೆಂಗಿನಕಾಯಿ ಸುಲಿಯುವ ಸದ್ದು, ಮೀನಿನವಳ ಕೂಗು. ಹಗಲು ಎಂದರೆ ಹಗಲೇ ಅಲ್ಲವೇ, ಅದನ್ನು ಕತ್ತಲು ಮಾಡಲು ಯಾರಿಂದ ಆಗುತ್ತದೆ?

ಒಂದು ಬೆಳಿಗ್ಗೆ ಬಂದವಳು ಚಪ್ಪಲಿ ಕಳಚದೆ ಮೆಟ್ಟಿಲ ಮೇಲೆಯೇ ಕೂತಳು.

"ಮಾಮಿ, ನಿನ್ನೆ ಒಬ್ಬರ ಮಾತ್ರೆಯನ್ನು ಇನ್ನೊಬ್ಬರ ಟ್ರೇಯಲ್ಲಿ ಇಟ್ಟೆ."

ನಾನೂ ಬದಿಯಲ್ಲಿ ಕೂತೆ. "ಕೊಟ್ಟೆಯಾ?"

"ಇಲ್ಲ. ಬದಿಯಲ್ಲಿದ್ದ ಸಿಸ್ಟರ್ ನೋಡಿದ್ಲು. ಅವಳು ನೋಡದಿದ್ರೆ ಕೊಡ್ತಿದ್ದೆ. ನಿಂತಲ್ಲೇ ಕಣ್ಣು ಮುಚ್ಚುತ್ತದೆ ಮಾಮಿ."

ಆಮೇಲೆ ಅವಳು ಹೇಳಿದ ಮಾತಿಗೆ ನಾನು ತಯಾರಿರಲಿಲ್ಲ. "ಅಮ್ಮನ ಮನೆಯಲ್ಲಿ ಹಿಂದೆ ಒಂದು ಕೋಣೆ ಉಂಟಲ್ಲ, ಅಲ್ಲಿ ಶಬ್ದ ಇಲ್ಲ. ಬಸ್ಸಿಗೆ ದೂರ ಆದರೂ ಅಡ್ಡಿಯಿಲ್ಲ. ಈ ಆದಿತ್ಯವಾರ ಬಿಟ್ಟು ಮುಂದಿನ ಆದಿತ್ಯವಾರ ಅಮ್ಮ ಬರ್ತಾರೆ. ನಾನು, ಬಾಲೆ ಹೋಗ್ತೇವೆ. ಇವರು ವಾರಕ್ಕೊಮ್ಮೆ ಬರ್ಲಿ."

ಅವಳು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾನೂ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಆಯಾಸದಿಂದ ಹೇಳಿದಳು. ಹತ್ತು ದಿವಸ ಇತ್ತು. ನಾನು ಆ ದಿನ ಅಂಗಳವನ್ನು ಎಷ್ಟು ಸಲ ಗುಡಿಸಿದೆ ಎಂದು ನನಗೇ ಗೊತ್ತಿಲ್ಲ.

ಆ ಸಂಜೆ ಅವಳು ಡ್ಯೂಟಿಗೆ ಹೊರಟು, ಬಸ್ಸು ಬಂತೆಂದು ಓಡುತ್ತಾ, ಗೇಟಿನ ಹತ್ತಿರದಿಂದ ಕೂಗಿ ಹೇಳಿದಳು: "ಮಾಮಿ, ಲ್ಯಾವೆಂಡರ್ ಒಳ್ಳೆಯದಂತೆ ನಿದ್ರೆಗೆ! ವಾಸನೆಯೇ ಸಾಕಂತೆ! ಪೇಟೆಗೆ ಹೋದ್ರೆ ಸಿಗ್ತದಾ ನೋಡಿ!"

ನನ್ನ ಕಿವಿಗೆ ಬಿದ್ದದ್ದು ಲಾವಂಚ. ಬೇರೆ ಎಂತ ಬೀಳುವುದು? ನನಗೆ ಗೊತ್ತಿದ್ದದ್ದು ಅದೇ. ಕುಡಿಯುವ ನೀರಿನ ಮಡಕೆಗೆ ಹಾಕುವ ಬೇರು, ತಂಪಿಗೆ ತಂಪು, ವಾಸನೆಗೆ ವಾಸನೆ. ಇಷ್ಟು ದಿನ ನನಗೆ ಹೊಳೆಯಲೇ ಇಲ್ಲವಲ್ಲ ಎಂದು ತಲೆಗೆ ಹೊಡೆದುಕೊಂಡೆ.

ಮರುದಿನ ಸೊಸೆ ಮಲಗಿದ ಕೂಡಲೇ ಮಗುವನ್ನು ಸೊಂಟಕ್ಕೇರಿಸಿ ರಸ್ತೆಗೆ ಬಂದೆ. ಬಂದದ್ದು ನನ್ನ ಮಗನದ್ದೇ ಬಸ್ಸು. ನಮ್ಮನ್ನು ಕಂಡು ಅವನು ಎರಡು ಸಲ ಪೋಂ ಪೋಂ ಮಾಡಿದ. ಮಗು ಕೈಕಾಲು ಬಡಿದು ನಕ್ಕಿತು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಮುಂದಿನ ಸೀಟಿನಲ್ಲಿ ಕೂತು ಎಲ್ಲರಿಗೂ ಅವಳ ಎಡಕೆನ್ನೆ ತೋರಿಸಿದೆ.

ಪೇಟೆಯಲ್ಲಿ ನಾಟಿಮದ್ದಿನ ಸಾಮಾನು ಮಾರುವ ಹಳೆಯ ಅಂಗಡಿ ಒಂದು ಉಂಟು. ಅಲ್ಲಿ ಕೂರುವ ಮುದುಕರು ಕೊಂಕಣಿಯವರು, ನನ್ನನ್ನು ತುಂಬ ವರ್ಷದಿಂದ ಬಲ್ಲರು.

"ಲಾವಂಚವಾ? ನೀರಿಗಾ ಅಕ್ಕ?"

"ಅಲ್ಲ, ನಿದ್ರೆಗೆ."

"ಯಾರ ನಿದ್ರೆಗೆ?"

"ಸೊಸೆಯ ನಿದ್ರೆಗೆ."

ಅವರು ಕನ್ನಡಕವನ್ನು ಹಣೆಗೇರಿಸಿದರು. "ಸೊಸೆ ಇಡೀ ದಿನ ಮಲಗ್ತಾಳೆ ಅಂತ ದೂರುವವರನ್ನು ಎಷ್ಟೋ ನೋಡಿದ್ದೇನೆ. ಮಲಗಿಸ್ಲಿಕ್ಕೆ ಮದ್ದು ಕೇಳುವ ಅತ್ತೆಯನ್ನು ಇವತ್ತೇ ನೋಡಿದ್ದು ಮಾರಾಯ್ರೆ. ಎಷ್ಟು ಕೊಡ್ಲಿ? ಐವತ್ತು ಗ್ರಾಮ್?"

"ಅರ್ಧ ಕೇಜಿ."

"ಅರ್ಧ ಕೇಜಿಗೆ ಇಡೀ ಬೋಳಾರ ಮಲಗ್ತದೆ!"

ಬೇರು ಎಂದರೆ ಹಗುರ. ಅರ್ಧ ಕೇಜಿ ಎಂದರೆ ಎರಡು ತಲೆದಿಂಬಿನಷ್ಟು ದೊಡ್ಡ ಕಟ್ಟು. ಒಂದು ಸೊಂಟದಲ್ಲಿ ಮಗು, ಇನ್ನೊಂದರಲ್ಲಿ ಲಾವಂಚ. ಮನೆಗೆ ಬರುವಾಗ ಸೊಸೆ ಎದ್ದು ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪು.

"ಎಲ್ಲಿಗೆ ಹೋದದ್ದು ಮಾಮಿ?"

"ನೀನು ಹೇಳಿದ್ದು ತರ್ಲಿಕ್ಕೆ. ಸಿಕ್ಕಿತು. ಅರ್ಧ ಕೇಜಿ."

"ಲ್ಯಾವೆಂಡರ್ ಅರ್ಧ ಕೇಜಿಯಾ? ಅದು ಇಷ್ಟೇ ಇಷ್ಟು ಬಾಟ್ಲಿಯಲ್ಲಿ ಬರುವುದು ಮಾಮಿ, ಹನಿ ಲೆಕ್ಕದಲ್ಲಿ..." ಅಷ್ಟರಲ್ಲಿ ಕಟ್ಟನ್ನು ನೋಡಿದಳು. ಬೇರನ್ನು ನೋಡಿದಳು. ನನ್ನನ್ನು ನೋಡಿದಳು. ನಗಲು ಶುರುಮಾಡಿದವಳು ಬಾಗಿಲ ದಾರಂದಕ್ಕೆ ಒರಗಿ, ನೆಲಕ್ಕೆ ಜಾರಿ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲಾವಂಚ! ಅಯ್ಯೋ ಮಾಮಿ, ಲಾವಂಚ!" ಅವಳು ನಗುವುದನ್ನು ನಾನು ತಿಂಗಳಿನಿಂದ ನೋಡಿರಲಿಲ್ಲ. ತಪ್ಪಿಗೆ ನಾಚಿಕೆಯಾಗಬೇಕಿತ್ತು, ನನಗೆ ಹೆಮ್ಮೆಯಾಯಿತು.

ಲ್ಯಾವೆಂಡರ್ ಎನ್ನುವುದು ಯಾವುದೋ ತಂಪು ದೇಶದ ನೀಲಿ ಹೂವಂತೆ. ಮಾರನೆಯ ದಿನ ಅವಳೇ ಮೆಡಿಕಲ್‌ನಿಂದ ಬಾಟ್ಲಿ ತಂದಳು, ಕಿರುಬೆರಳಿನಷ್ಟು. ಹತ್ತಿಗೆ ಎರಡು ಹನಿ ಹಾಕಿ ದಿಂಬಿನ ಬದಿಯಲ್ಲಿ ಇಟ್ಟಳು. ಮಗುವನ್ನು ಆ ಕೋಣೆಗೆ ತರಬಾರದೆಂದು ಕಟ್ಟುನಿಟ್ಟು. "ಇಂಥ ಎಣ್ಣೆ ಬಾಲೆಯ ಮೈಗೆ, ಮೂಗಿಗೆ ಯಾವತ್ತೂ ತಾಗಿಸ್ಬೇಡಿ ಮಾಮಿ. ಒಳ್ಳೆಯ ವಾಸನೆ ಅಂತ ಹಚ್ಚುವುದಲ್ಲ, ಅವಳಿಗೆ ಉಸಿರಾಟಕ್ಕೆ ತೊಂದರೆ ಆದೀತು."

ಎರಡು ದಿನವಾದ ಮೇಲೆ ಬಾಟ್ಲಿಯನ್ನು ಕಪಾಟಿನ ಮೇಲೆ ಇಟ್ಟುಬಿಟ್ಟಳು. ಯಾಕೆಂದು ಕೇಳಿದೆ. "ನಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ ನೀರಿಗೆ ಇದೇ ವಾಸನೆ ಮಾಮಿ. ಮೂಗಿಗೆ ಬಂದ ಕೂಡಲೇ ಡ್ಯೂಟಿಯಲ್ಲಿದ್ದೇನೆ ಅಂತ ಆಗ್ತದೆ. ಬೆಲ್ಲು ಹೊಡೆದ ಹಾಗೆ ಕೇಳ್ತದೆ. ಬೇರೆಯವರಿಗೆ ಒಳ್ಳೆಯದಾಗ್ತದೋ ಏನೋ, ನನಗಲ್ಲ."

ಹಾಗಾದರೆ ನನ್ನ ಲಾವಂಚವೇ ಆಗಬೇಕು! ಹಿಂದೆ ಮುಂದೆ ನೋಡದೆ ಹಾರಿದೆ. ಅರ್ಧ ಕಟ್ಟನ್ನು ಅವಳ ದಿಂಬಿಗೆ ತುಂಬಿಸಿದೆ. ಒಂದು ಮುಷ್ಟಿಯನ್ನು ತೆಂಗಿನೆಣ್ಣೆಯಲ್ಲಿ ಕಾಯಿಸಿ ಅವಳ ನೆತ್ತಿಗೆ ತಟ್ಟಿದೆ. ಮಂಚದ ಅಡಿಗೆ ಲಾವಂಚದ ನೀರಿನ ಮಡಕೆ ಇಟ್ಟೆ. ಇಷ್ಟಾಗಿಯೂ ಸಾಲದೆಂದು ಕಂಡು, ಅವಳು ಸ್ನಾನಕ್ಕೆ ಹೋದಾಗ ಸಾಂಬ್ರಾಣಿ ಹೊಗೆ ಹಾಕಿ, ಕಿಟಕಿಗೆ ಒಂದು ಮೊಳ ಮಲ್ಲಿಗೆ ಸಿಕ್ಕಿಸಿದೆ.

ಅವಳು ಒಳಗೆ ಹೋದಳು. ಹೊರಗೆ ಬಂದಳು. ಏಳು ಸಲ ಸೀನಿದಳು. "ನಾನೆಂತ ಮಾಮಿ, ಉತ್ಸವಮೂರ್ತಿಯಾ?"

ಆದರೂ ಪಾಪ, ನನ್ನ ಮನಸ್ಸು ನೋಯಬಾರದೆಂದು ಹೋಗಿ ಮಲಗಿದಳು. ಹನ್ನೆರಡಕ್ಕೆ ಎದ್ದು ಬರುವಾಗ ಕೆನ್ನೆಯಲ್ಲಿ ಬೇರು ಚುಚ್ಚಿದ ಗೆರೆಗಳು, ಕೈಯಲ್ಲಿ ಆ ದಿಂಬು. ಈ ಸಲ ನಗು ಇರಲಿಲ್ಲ.

"ಮಾಮಿ, ಕೂತುಕೊಳ್ಳಿ. ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇವತ್ತು ನೀವು ಎಷ್ಟು ಸಲ ಬಾಗಿಲು ತೆರೆದ್ರಿ, ಗೊತ್ತುಂಟಾ?"

"ಎರಡು... ಮೂರು."

"ಹದಿನಾಲ್ಕು."

"ನಿದ್ರೆ ಬಂತಾ ಅಂತ ನೋಡ್ಲಿಕ್ಕೆ ಮಗಾ."

"ಬಂದ ನಿದ್ರೆಯನ್ನು ನೋಡಿ ನೋಡಿ ಓಡಿಸಿದ್ರಿ. ಬಸ್ಸು, ಮೀನಿನವಳು, ಎಲ್ಲ ನನಗೆ ಅಭ್ಯಾಸ ಆಗ್ತದೆ. ಬಾಗಿಲು ಕಿರ್ ಅಂದ ಕೂಡಲೇ ಬಾಲೆಗೆ ಎಂತದೋ ಆಯ್ತು ಅಂತ ನನ್ನ ಜೀವ ಹಾರ್ತದೆ. ಇನ್ನು ನಿಮ್ಮ ಮಗ! ಪ್ರತಿ ಟ್ರಿಪ್ಪಿಗೆ ಮನೆಯ ಎದುರು ಪೋಂ ಪೋಂ. ನೀವಿಬ್ಬರೂ ಸೇರಿ ನನ್ನನ್ನು ಕಾಟಿಪಳ್ಳಕ್ಕೆ ಕಳಿಸುವುದು, ಬೇರೆ ಯಾರೂ ಅಲ್ಲ."

ನಾನು ಎದ್ದು ಹಿಂದಿನ ಜಗಲಿಗೆ ಹೋದೆ. ಕೋಪ ಬಂದಿತ್ತು. ಇಷ್ಟೆಲ್ಲ ಮಾಡಿದವಳಿಗೆ ಇದಾ? ಬಟ್ಟೆ ಒಗೆದೆ, ಒಗೆದದ್ದನ್ನೇ ಮತ್ತೊಮ್ಮೆ ಒಗೆದೆ. ಒಗೆಯುತ್ತಾ ಒಗೆಯುತ್ತಾ ಗೊತ್ತಾಯಿತು, ಹದಿನಾಲ್ಕು ಸಲ ನಾನು ನೋಡಲು ಹೋದದ್ದು ಅವಳ ನಿದ್ರೆಯನ್ನಲ್ಲ. ಅವಳು ಮಲಗಿದರೆ ಮಗು ಇಲ್ಲಿಯೇ ಉಳಿಯುತ್ತದೆ. ನಾನು ನೋಡಲು ಹೋದದ್ದು ಮಗು ಉಳಿಯುತ್ತದೋ ಇಲ್ಲವೋ ಎಂದು. ರಾತ್ರಿಯಿಡೀ ನಿಂತು ಬಂದ ಹುಡುಗಿಯ ಕಾಲು ಊದಿಕೊಂಡಿದೆಯೇ ಎಂದು ಒಂದು ಸಲವಾದರೂ ನೋಡಿದ್ದೆನೇ?

ಸಂಜೆ ಮಗನಿಗೆ ಹೇಳಿದೆ. ಅವನು ಮೊದಲು ಒಪ್ಪಲಿಲ್ಲ. "ಅದು ಹಾರ್ನ್ ಅಲ್ಲಮ್ಮ. ಮಗಳಿಗೆ ಮುತ್ತು ಕೊಡುವುದು."

"ನೀನು ಮಗಳಿಗೆ ಕೊಟ್ಟ ಮುತ್ತಿಗೆ ಅವಳ ತಾಯಿ ಎದ್ದು ಕೂರ್ತಾಳೆ. ಕೈಬೀಸು ಸಾಕು."

"ಮತ್ತೆ ನೀವು? ನೀವು ಬಾಗಿಲು ತೆರೆಯದೆ ಇರ್ತೀರಾ?"

ಬಾಗಿಲು ತೆರೆಯದೆ ಇರುವುದು ಹೇಗೆ? ಹತ್ತರಿಂದ ಮೂರು, ಐದು ಗಂಟೆ. ಮರುದಿನ ಮೊದಲ ಅರ್ಧ ಗಂಟೆಯಲ್ಲಿಯೇ ನಾನು ಎರಡು ಸಲ ಬಾಗಿಲ ತನಕ ಹೋಗಿ, ಚಿಲಕಕ್ಕೆ ಕೈ ಹಾಕಿ, ಹಿಂದೆ ಬಂದೆ. ಮಗುವನ್ನು ಜಗಲಿಯ ಚಾಪೆಯಲ್ಲಿ ಮಲಗಿಸಿ, ಬೆರಳುಗಳಿಗೆ ಕೆಲಸ ಬೇಕೆಂದು ಆ ಚುಚ್ಚುವ ದಿಂಬನ್ನು ಬಿಚ್ಚಿ ಬೇರನ್ನು ಹೊರಗೆ ತೆಗೆದೆ. ಸಿಕ್ಕುಸಿಕ್ಕಾಗಿತ್ತು. ಬಿಡಿಸುತ್ತಾ ನೆನಪಾಯಿತು: ನಾನು ಸಣ್ಣವಳಿದ್ದಾಗ ಒಂದು ದೊಡ್ಡ ಬಂಗಲೆಯಲ್ಲಿ, ಬೇಸಗೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಒಳಗೆ ತಂಪು, ಮಬ್ಬು ಬೆಳಕು. ಹಾಗಾದರೆ ಸೊಸೆಯ ಕೋಣೆಯ ರಸ್ತೆ ಬದಿಯ ಕಿಟಕಿಗೆ?

ಬೀಡಿಯ ನೂಲು ಒಂದು ಉಂಡೆ ಇತ್ತು. ಐದಾರು ಬೇರು ಸೇರಿಸಿ ಒಂದು ಸುತ್ತು, ಒಂದು ಗಂಟು. ಮತ್ತೆ ಐದಾರು, ಮತ್ತೆ ಒಂದು ಗಂಟು. ಅಯ್ಯೋ, ಆ ಬೆರಳುಗಳಿಗೆ ಆದ ಸಂತೋಷ! ಇಷ್ಟು ದಿನ ಎಲ್ಲಿದ್ದಿ ಎಂದು ಕೇಳಿದ ಹಾಗೆ ಓಡಿದವು. ಮಗು ಬೋರಲು ಬಿದ್ದು ಒಂದು ಬೇರನ್ನು ಹಿಡಿದು ಬಾಯಿಗೆ ಕೊಂಡುಹೋಗುವಾಗ ಕಿತ್ತುಕೊಂಡೆ, ಅತ್ತಿತು, ರಾಗಿ ಮಣ್ಣಿ ತಿನ್ನಿಸಿದೆ, ನಕ್ಕಿತು. ಮತ್ತೆ ಕಟ್ಟಿದೆ. ತಲೆ ಎತ್ತಿದಾಗ ಒಂದೂವರೆ ಗಂಟೆ. ಸೊಸೆ ಎದುರು ನಿಂತಿದ್ದಳು.

"ಇವತ್ತು ನಾನು ಎಷ್ಟು ಸಲ ಬಾಗಿಲು ತೆರೆದೆ?" ಅಂದೆ.

"ಗೊತ್ತಿಲ್ಲ ಮಾಮಿ," ಅಂದಳು. "ನಿದ್ರೆ ಬಂದಿತ್ತು."

ತಟ್ಟಿ ಮುಗಿಯಲು ಮೂರು ದಿನ ಹಿಡಿಯಿತು. ಅಂಚು ಓರೆಕೋರೆ, ಒಂದು ಬದಿ ದಪ್ಪ, ಒಂದು ಬದಿ ತೆಳು. ಮಗ ಕಿಟಕಿಗೆ ಮೊಳೆ ಹೊಡೆದು ತೂಗುಹಾಕಿದ. "ಹಕ್ಕಿ ಗೂಡಿನ ಹಾಗೆ ಉಂಟು" ಎಂದು ತಮಾಷೆ ಮಾಡಿದ. ಹತ್ತು ಗಂಟೆಗೆ ನಾನು ಕೈಯಲ್ಲಿ ನೀರು ಚಿಮುಕಿಸಿದೆ. ಗಾಳಿ ಬಂದಾಗ ಒಳಗೆಲ್ಲ ಆ ವಾಸನೆ ಹರಡಿತು, ಹೊಸ ಮಡಕೆಯ ನೀರಿನ ಹಾಗೆ, ಜೋರಿಲ್ಲ.

"ಬಾವಿಯ ಒಳಗೆ ಇಳಿದು ಕೂತ ಹಾಗೆ ಆಗ್ತದೆ ಮಾಮಿ" ಅಂದಳು ಸೊಸೆ. ಆಮೇಲೆ ನರ್ಸಮ್ಮನ ಸ್ವರದಲ್ಲಿ ವಿವರಿಸಿದಳು. ಬೇರಿನ ಒಳಗೇ ಎಣ್ಣೆ ಇರುತ್ತದಂತೆ, ಒದ್ದೆಯಾದಾಗ ವಾಸನೆ ಏಳುತ್ತದಂತೆ, ಮೂಗಿನಿಂದ ನೆಟ್ಟಗೆ ತಲೆಗೆ ಹೋಗುತ್ತದಂತೆ. ಕೆಲವರಿಗೆ ಮನಸ್ಸು ತಣ್ಣಗಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. "ಇದೇ ಮದ್ದು ಅಂತ ಊರಿಗೆಲ್ಲ ಹೇಳಿಕೊಂಡು ಬರ್ಬೇಡಿ" ಎಂದು ಮೊದಲೇ ಎಚ್ಚರಿಸಿದಳು. ನಾನು ಅಷ್ಟರಲ್ಲಿ ಮೀನಿನವಳಿಗೆ ಹೇಳಿ ಆಗಿತ್ತು.

ಒಂದು ದಿನ ಎರಡು ಗಂಟೆ ಮಲಗಿದಳು, ಒಂದು ದಿನ ಮೂರು, ಮತ್ತೊಂದು ದಿನ ಪುನಃ ಒಂದೇ. ಆ ಒಂದು ಗಂಟೆಯ ದಿನ ನನಗೆ ಊಟ ಸೇರಲಿಲ್ಲ. ಕಾಟಿಪಳ್ಳದ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಶನಿವಾರ ಮಗುವಿನ ಬಟ್ಟೆಗಳು ಒಂದೊಂದೇ ಮಡಚಿ ಬ್ಯಾಗಿಗೆ ಹೋದವು. ನಾನು ನೋಡಿಯೂ ನೋಡದವಳ ಹಾಗೆ ತೆಂಗಿನಕಾಯಿ ತುರಿದೆ. ಎಷ್ಟು ತುರಿದೆ ಎಂದರೆ ಮೂರು ದಿನಕ್ಕೆ ಸಾಕಾಗುವಷ್ಟು.

ಆದಿತ್ಯವಾರ ಡ್ಯೂಟಿ ಮುಗಿಸಿ ಬಂದವಳು, "ಅಮ್ಮ ಬರುವ ತನಕ ಸ್ವಲ್ಪ ಅಡ್ಡ ಬೀಳ್ತೇನೆ" ಎಂದು ಕೋಣೆಗೆ ಹೋದಳು. ನಾನು ತಟ್ಟಿಗೆ ನೀರು ಚಿಮುಕಿಸಿ ಬಂದೆ. ಹನ್ನೊಂದೂವರೆಗೆ ಅವಳ ತಾಯಿ ಬಂದರು, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು. ಮಗು ಅವರನ್ನು ಕಂಡು ಕೈ ಚಾಚಿತು. ನಾನು ಕೊಡದೆ ಇನ್ನೊಂದು ಸೊಂಟಕ್ಕೆ ಬದಲಿಸಿದೆ, ಸುಳ್ಳು ಯಾಕೆ ಹೇಳಲಿ.

"ತಯಾರಾದ್ಲಾ?" ಅಂದರು.

"ಮಲಗಿದ್ದಾಳೆ."

"ಎಬ್ಬಿಸುವ. ಬಿಸಿಲು ಏರ್ತದೆ."

"ಅಕ್ಕ, ಮೆಲ್ಲ ಮಾತಾಡಿ."

ಅವರೂ ಸ್ವರ ತಗ್ಗಿಸಿದರು, ಆದರೆ ಖಾರ ತಗ್ಗಿಸಲಿಲ್ಲ. "ನನ್ನ ಮಗಳನ್ನು ಎಬ್ಬಿಸ್ಲಿಕ್ಕೆ ನಿಮ್ಮ ಅಪ್ಪಣೆ ಬೇಕಾ?"

"ಬೇಡ. ನೀವೇ ಹೋಗಿ. ನಾನು ಆ ಬಾಗಿಲು ತೆರೆಯುವುದಿಲ್ಲ."

ಅವರು ಹೋದರು. ಬಾಗಿಲು ಕಿರ್ ಎಂದಿತು. ನಾನು ಮಗುವನ್ನು ಎದೆಗೆ ಒತ್ತಿಕೊಂಡು ನಿಂತೆ. ಇನ್ನು ಮಾತು ಕೇಳುತ್ತದೆ, ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳುತ್ತದೆ. ಏನೂ ಕೇಳಲಿಲ್ಲ. ತುಂಬ ಹೊತ್ತಿನ ಮೇಲೆ ಅವರು ತುದಿಗಾಲಿನಲ್ಲಿ ಬಂದು ನನ್ನ ಬದಿಯಲ್ಲಿ ಕೂತರು.

"ಬಾಯಿ ತೆರೆದು ಮಲಗಿದ್ದಾಳೆ," ಅಂದರು. "ನಮ್ಮಲ್ಲಿ ಬಾಣಂತಿಯಾಗಿದ್ದಾಗ ಸಹ ಹೀಗೆ ಮಲಗಿದ್ದನ್ನು ಕಾಣಲಿಲ್ಲ." ಆಮೇಲೆ ಕೋಣೆಯ ಕಡೆಗೆ ಕೈ ತೋರಿಸಿ, "ಅದೆಂತ ಕಿಟಕಿಯಲ್ಲಿ, ಕಸಬರಿಕೆಯ ಹಾಗೆ?"

ನಾನು ಪಿಸುಮಾತಿನಲ್ಲಿ ಲ್ಯಾವೆಂಡರಿನಿಂದ ಲಾವಂಚದ ತನಕ ಎಲ್ಲ ಹೇಳಿದೆ. ಅರ್ಧ ಕೇಜಿಗೆ ಬರುವಾಗ ಅವರು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. ನಾನೂ ನಕ್ಕೆ, ಸ್ವರ ಹೊರಗೆ ಬಾರದ ಹಾಗೆ, ಕಣ್ಣಲ್ಲಿ ನೀರು ಬರುವ ತನಕ. ಮಗು ನಮ್ಮಿಬ್ಬರ ಮುಖ ನೋಡಿ ಜೋರಾಗಿ ಕೇಕೆ ಹಾಕಿತು. ಇಬ್ಬರೂ ಒಟ್ಟಿಗೆ ಶ್ ಶ್ ಅಂದೆವು. ರಸ್ತೆಯಲ್ಲಿ ಮಗನ ಬಸ್ಸು ಪೋಂ ಪೋಂ ಇಲ್ಲದೆ ಹೋಯಿತು, ಕಿಟಕಿಯಿಂದ ಒಂದು ಕೈ ಮಾತ್ರ ಆಡಿತು.

ಒಂದು ಗಂಟೆಗೆ ಇಬ್ಬರೂ ಊಟ ಮಾಡಿದೆವು, ಸ್ಟೀಲಿನ ಬಟ್ಟಲು ಸದ್ದು ಮಾಡುತ್ತದೆಂದು ಬಾಳೆಲೆಯಲ್ಲಿ. ಎರಡಾಯಿತು, ಮೂರಾಯಿತು. ಮಗು ಅವರ ಮಡಿಲಿನಿಂದ ನನ್ನ ಮಡಿಲಿಗೆ, ನನ್ನಿಂದ ಅವರಿಗೆ. ನಾನು ಎದ್ದೆ, ಕೂತೆ, ಬಾಗಿಲ ಕಡೆ ನೋಡಿದೆ. "ಕೂತುಕೊಳ್ಳಿ ಮಾರಾಯ್ರೆ" ಎಂದು ಅವರು ನನ್ನ ಸೆರಗು ಎಳೆದರು. ನಾಲ್ಕು ಗಂಟೆಗೆ ತಾವೇ ಎದ್ದರು.

"ನಾನು ಹೋಗ್ತೇನೆ. ಮನೆಯಲ್ಲಿ ಹಪ್ಪಳ ಒಣಗಲಿಕ್ಕೆ ಹಾಕಿ ಬಂದದ್ದು. ಎಬ್ಬಿಸ್ಬೇಡಿ."

"ಮತ್ತೆ ಇವಳು, ಬಾಲೆ ಕಾಟಿಪಳ್ಳಕ್ಕೆ ಬರುವುದು?" ಕೇಳಬಾರದೆಂದುಕೊಂಡಿದ್ದೆ, ಕೇಳಿದೆ.

"ಅವಳು ಏಳ್ಲಿ. ಎದ್ದವಳು ಹೇಳ್ಲಿ." ಮಗುವಿನ ಎಡಕೆನ್ನೆಗೆ ಮುತ್ತು ಕೊಟ್ಟು, ನನ್ನನ್ನು ಒಮ್ಮೆ ನೋಡಿ, ಬಸ್ಸಿಗೆ ಹೋದರು.

ಸೊಸೆ ಎದ್ದದ್ದು ಐದಕ್ಕೆ ಹತ್ತು ನಿಮಿಷ ಇರುವಾಗ. ಕೂದಲು ಬಿಚ್ಚಿಕೊಂಡು ಬಂದು, ಗಡಿಯಾರ ನೋಡಿ, ನಂಬದೆ ಮತ್ತೊಮ್ಮೆ ನೋಡಿದಳು.

"ಅಮ್ಮ ಬರಲಿಲ್ವಾ?"

"ಬಂದು ಹೋದ್ರು."

"ಯಾಕೆ ಎಬ್ಬಿಸ್ಲಿಲ್ಲ?"

"ನಾನಲ್ಲ. ಅವರೇ ಎಬ್ಬಿಸ್ಲಿಲ್ಲ."

ಅವಳು ಮಗುವನ್ನು ಎತ್ತಿಕೊಂಡಳು. ಮಗು ಮೈಮೇಲೆಲ್ಲ ರಾಗಿ ಮಣ್ಣಿ ಮೆತ್ತಿಕೊಂಡಿತ್ತು. ಬ್ಯಾಗಿನ ಹತ್ತಿರ ಕೂತು, ಜಿಪ್ ಎಳೆದು, ಒಂದು ಅಂಗಿ ಹೊರಗೆ ತೆಗೆದಳು. ಅದನ್ನು ಮಗುವಿಗೆ ಹಾಕಿದಳು. ಆಮೇಲೆ ಇನ್ನೊಂದು ತೆಗೆದಳು. ಮತ್ತೊಂದು. ಒಂದೊಂದನ್ನೇ ಬಿಡಿಸಿ, ಕೊಡವಿ, ಕಪಾಟಿನಲ್ಲಿ ಇಟ್ಟಳು.

ನಾನು ಅಡಿಗೆಮನೆಗೆ ಹೋದೆ, ಬಂದೆ, ಮತ್ತೆ ಹೋದೆ. ಎಂತ ಮಾಡಲು ಹೋದದ್ದು ಎಂದು ಈಗಲೂ ನೆನಪಿಲ್ಲ.